ಗೊಂಬೆಗೆ ಕೆಲಸ ಕಲಿಸಿದ ಜಿನಮತಿ

ಉಗಾರ ಬುದ್ರುಕದ ಜಿನಮತಿ ಬಾಯಿ ತುಂಬ ಮಾತಾಡುತ್ತಿದ್ದುದು ಕಾರಖಾನೆಯಲ್ಲಿ ಮಾತ್ರ. ಹಾಗೆಂದು ಮನೆಯಲ್ಲಿ ಜನ ಇರಲಿಲ್ಲ ಎಂದಲ್ಲ. ನಡುವೆ ಗೋಡೆ ಎತ್ತಿಸಿದ್ದ ವಾಡೆಮನೆಯ ಆಚೆ ಭಾಗದಲ್ಲಿ ಮೈದುನ ನೇಮಿನಾಥ ಹೆಂಡತಿ ಮಕ್ಕಳೊಂದಿಗೆ ಇದ್ದ. ಆದರೆ ಅವರ ಜೊತೆ ಮಾತು ನೀರಿನ ಮೋಟರು, ಲೈಟಿನ ಬಿಲ್ಲು, ಬಸದಿಯ ಪೂಜೆಯ ಸರದಿ, ಇಷ್ಟಕ್ಕೇ ಮುಗಿಯುತ್ತಿತ್ತು. ಗಂಡ ಶ್ರೇಣಿಕ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಮದುವೆಯಾಗಿ ಮೂರನೆಯ ಹಂಗಾಮಿಗೆ ತುಂಬಿದ ಟ್ರೇಲರ್ ಮಗುಚಿ ತೀರಿಕೊಂಡ. ಮಕ್ಕಳಿರಲಿಲ್ಲ. ತವರೂರು ಐಗಳಿಯಿಂದ ಅಣ್ಣ ನಿತಿನ ಬಂದು, "ನಡಿ, ನಮ್ಮ ಮನ್ಯಾಗ ಇರು" ಎಂದು ಕರೆದಿದ್ದ. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಈಗ ಕೇಳಿದರೆ ಅವಳಿಗೂ ಸರಿಯಾಗಿ ಹೇಳಲಾಗದು. ಗಂಡ ಇಟ್ಟು ಹೋದ ಜಾಗದಲ್ಲೇ ಇದ್ದುಬಿಡೋಣ ಎಂದು ಅನಿಸಿತ್ತಂತೆ.

ಶಿರಗುಪ್ಪಿ ರಸ್ತೆಯ ಬೆಲ್ಲದ ಕಾರಖಾನೆಗೆ ಅವಳು ಸೇರಿದ್ದು ಅದಾದ ಕೆಲವು ವರ್ಷಗಳ ಮೇಲೆ. ಸಣ್ಣ ಸಣ್ಣ ಚೌಕದ ಬೆಲ್ಲದ ತುಂಡುಗಳನ್ನು ಡಬ್ಬಿಗೆ ತುಂಬಿ ಪುಣೆಗೂ ಮುಂಬಯಿಗೂ ದುಬೈಗೂ ಕಳಿಸುವ ಕಾರಖಾನೆ ಅದು. ಬೆಲ್ಟಿನ ಮೇಲೆ ಬೆಲ್ಲ ಬರುತ್ತದೆ. ಎರಡೂ ಕಡೆ ನಿಂತ ಹೆಂಗಸರು ಒಡೆದದ್ದನ್ನು ಆರಿಸಿ ಬದಿಗಿಟ್ಟು, ಉಳಿದದ್ದನ್ನು ಡಬ್ಬಿಯಲ್ಲಿ ಸಾಲಾಗಿ ಜೋಡಿಸಿ, ಮುಚ್ಚಳ ಹಾಕಿ ಮುಂದೆ ಸರಿಸಬೇಕು. ಕೈ ಒಂದು ಕಡೆ, ಬಾಯಿ ಒಂದು ಕಡೆ. ಸೊಸೆಯರ ಸುದ್ದಿ, ಮೊಣಕಾಲಿನ ನೋವು, ಟಿವಿಯ ಮರಾಠಿ ಧಾರಾವಾಹಿ, ಯಾರ ಮಗಳಿಗೆ ಮೀರಜದ ವರ ಬಂದ ಎನ್ನುವುದು, ಎಲ್ಲ ಬೆಲ್ಟಿನ ಜೊತೆಗೇ ಹರಿಯುತ್ತಿತ್ತು.

ಅವಳ ಎದುರಿಗೆ ನಿಲ್ಲುತ್ತಿದ್ದವಳು ಕುಡಚಿಯ ವಾಜಿದಾ. ಎತ್ತರದ ಹೆಂಗಸು, ನಕ್ಕರೆ ಬಾಯ್ಲರ್ ಕೋಣೆಯವರೆಗೂ ಕೇಳುತ್ತಿತ್ತು. ಮಾಲಕ ವಿಕ್ರಾಂತ ಪ್ಯಾಂಟು ಮೇಲೆಳೆದುಕೊಂಡು ನಡೆಯುವುದನ್ನು ಥೇಟ್ ಹಾಗೆಯೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಜಿನಮತಿಗೆ ಹೆಚ್ಚು ಮಾತು ಹುಟ್ಟುತ್ತಿರಲಿಲ್ಲ, ಆದರೆ ವಾಜಿದಾಳ ಮಾತಿಗೆ ಹೂಂಗುಟ್ಟುತ್ತಾ ಅವಳೂ ಮಾತುಗಾತಿಯಾಗುತ್ತಿದ್ದಳು. ಊಟಕ್ಕೆ ಇಬ್ಬರೂ ಬೇವಿನ ಗಿಡದ ಕೆಳಗೆ ಕೂರುತ್ತಿದ್ದರು. ಜೈನರ ಜಿನಮತಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ತಿನ್ನುವವಳಲ್ಲ, ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗಿಡುವವಳೂ ಅಲ್ಲ. ಮೊದಮೊದಲು ವಾಜಿದಾ ಅವಳಿಗೆಂದು ಪೇರಲ ಹಣ್ಣು, ಹುರಿದ ಶೇಂಗಾ ತರುತ್ತಿದ್ದಳು. ಕಾಲ ಕಳೆದಂತೆ ಬೇಳೆಗೆ ಒಗ್ಗರಣೆ ಬೀಳುವ ಮೊದಲೇ ಒಂದು ಸಣ್ಣ ಡಬ್ಬಿಯಲ್ಲಿ ತೆಗೆದಿಟ್ಟು ತರತೊಡಗಿದಳು. "ನಿನ್ನ ಸಲುವಾಗಿ ಸಪ್ಪನ್ನ ತಿಂದು ನನ್ನ ಗಂಡನೂ ಅರ್ಧ ಜೈನ ಆಗ್ಯಾನ" ಎನ್ನುತ್ತಿದ್ದಳು. ಜಿನಮತಿ ಆ ಬೇಳೆ ಉಣ್ಣುತ್ತಿದ್ದಳು. ಮನೆಯಲ್ಲಿ ಮಾತ್ರ ಇದನ್ನು ಹೇಳಿರಲಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಕೃಷ್ಣೆ ಏರಿ ಕುಡಚಿಯ ಸೇತುವೆ ಮುಳುಗಿತು. ಅದು ಹೊಸದೇನಲ್ಲ, ದೊಡ್ಡ ಮಳೆಯಾದ ವರ್ಷವೆಲ್ಲ ಮುಳುಗುತ್ತದೆ. ಆ ಕಡೆಯ ಹೆಂಗಸರು ಬರಲಾಗಲಿಲ್ಲ, ಬೆಲ್ಟು ಅರ್ಧ ಖಾಲಿ ನಿಂತಿತು. ದುಬೈಗೆ ಹೋಗಬೇಕಿದ್ದ ಮಾಲಿಗೆ ಹಡಗು ತಪ್ಪಿತು. ವಿಕ್ರಾಂತ ಕೆಟ್ಟ ಮನುಷ್ಯನಲ್ಲ. ಹಬ್ಬಕ್ಕೆ ಎಲ್ಲರ ಮನೆಗೂ ಬೆಲ್ಲ ಕಳಿಸುತ್ತಿದ್ದ, ಹೆರಿಗೆಗೆ ರಜೆ ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ಆದರೆ ಆ ಸಲ ಬಹಳ ನೊಂದುಕೊಂಡ. ಗಣಪತಿ ಕಳಿಸಿದ ಮೇಲೆ ಪುಣೆಯ ಕಂಪನಿಯೊಂದರಿಂದ ಎರಡು ದೊಡ್ಡ ಪೆಟ್ಟಿಗೆ ತರಿಸಿದ.

ಪೆಟ್ಟಿಗೆಯಿಂದ ಹೊರಬಂದವು ಮನುಷ್ಯರ ಆಕಾರದ ಎರಡು ರೋಬೋಟುಗಳು. ಬೂದಿ ಬಣ್ಣದ ಮೈ, ಮುಖದ ಜಾಗದಲ್ಲಿ ಕರಿಯ ಗಾಜು, ರಬ್ಬರಿನ ಬೆರಳು. ನಡೆಯುವಾಗ ಮೊಣಕಾಲು ನೋವಿದ್ದವರಂತೆ ತುಸು ಬಾಗಿ, ಹೆಜ್ಜೆ ಊರಿ ಊರಿ ನಡೆಯುತ್ತಿದ್ದವು. ಗೇಟಿನ ವಾಚಮನ್ ಮಾಳೇಶ ಒಂದರ ಹಿಂದೆ ಹೋಗಿ ಬೆನ್ನು ತಟ್ಟಿ ನೋಡಿದ.

"ಒಳಗ ಯಾರ ಅದಾರ್ರಿ?" ಎಂದು ಕೇಳಿದ.

"ಯಾರೂ ಇಲ್ರಿ ಕಾಕಾ, ಬ್ಯಾಟರಿ ಐತಿ" ಎಂದಳು ಅವುಗಳ ಜೊತೆ ಬಂದಿದ್ದ ಹುಡುಗಿ. ಅವಳ ಹೆಸರು ಮೇಘಾ. ಚಿಕ್ಕೋಡಿಯವಳೇ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅದೇ ಕಂಪನಿ ಸೇರಿದ್ದಳು.

ಮಾಳೇಶ ನಂಬಲಿಲ್ಲ. ಆ ವಾರವೆಲ್ಲ, ಒಳಗೆ ಕುಳ್ಳನೆಯ ಮನುಷ್ಯನನ್ನು ಕೂರಿಸಿದ್ದಾರೆಂದೂ, ಅವನು ಊಟ ಯಾವಾಗ ಮಾಡುತ್ತಾನೆಂದು ತಾನು ಕಾಯುತ್ತಿರುವೆನೆಂದೂ ಹೇಳಿಕೊಂಡು ತಿರುಗಿದ. ಹೆಂಗಸರು ಅವಕ್ಕೆ ಗೊಂಬೆ ಎಂದು ಹೆಸರಿಟ್ಟರು. ಹೆಸರು ಹಾಗೆಯೇ ನಿಂತಿತು.

ಗೊಂಬೆಗಳಿಗೆ ಕೆಲಸ ತಾನಾಗಿ ಬರುತ್ತಿರಲಿಲ್ಲ. ಯಾರಾದರೂ ಮಾಡಿ ತೋರಿಸಬೇಕಿತ್ತು. ಹಣೆಗೆ ಸಣ್ಣ ಕ್ಯಾಮೆರಾ ಕಟ್ಟಿಕೊಂಡು, ತಂತಿಗಳಿದ್ದ ಕೈಗವಸು ತೊಟ್ಟು ಕೆಲಸ ಮಾಡಿದರೆ ಪಕ್ಕದಲ್ಲಿ ನಿಂತ ಗೊಂಬೆಯ ಕೈ ಹಾಗೆಯೇ ಆಡುತ್ತಿತ್ತು. ಹೀಗೆ ಮಾಡುತ್ತಾ ಮಾಡುತ್ತಾ ಅದು ಕಲಿಯುತ್ತದೆ ಎಂದು ಮೇಘಾ ವಿವರಿಸಿದಳು. ಯಾರಿಗೆ ಹೇಳುವುದೆಂದು ಪ್ಯಾಕಿಂಗ್ ವಿಭಾಗದಲ್ಲಿ ಅವಳು ಎರಡು ದಿನ ನಿಂತು ನೋಡಿದಳು. ಮೂರನೆಯ ದಿನ ಜಿನಮತಿಯ ಹತ್ತಿರ ಬಂದಳು.

"ಅಕ್ಕಾರ, ನೀವು ಗಡಿಬಿಡಿ ಮಾಡೂದಿಲ್ಲ. ಒಂದ ಹದಕ್ಕ ಕೈ ಓಡಸ್ತೀರಿ. ನೀವು ಕಲಸ್ತೀರೇನ್ರಿ?"

ಜಿನಮತಿ ಎದುರಿಗಿದ್ದ ವಾಜಿದಾಳ ಮುಖ ನೋಡಿದಳು. ವಾಜಿದಾ ಹುಬ್ಬು ಹಾರಿಸಿ ನಕ್ಕಳು. "ಕಲಸ ಹೋಗಬೇ. ನಮಗಂತೂ ನೀ ಏನೂ ಕಲಸಲಿಲ್ಲ, ಗೊಂಬಿಗಾದ್ರೂ ಕಲಸು."

ಜಿನಮತಿ ಒಪ್ಪಿದಳು. ಅವಳ ಕೈಯನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ಅಕ್ಕಾರ ಎಂದು ಕರೆದು, ಹೀಗೇಕೆ ಹಿಡಿಯುತ್ತೀರಿ, ಹಾಗೇಕೆ ತಿರುಗಿಸುತ್ತೀರಿ ಎಂದು ಕೇಳಿದವರೂ ಇರಲಿಲ್ಲ. ಅದು ಅವಳಿಗೆ ಹಿತವಾಗಿತ್ತು.

ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿ ಗಾಜಿನ ಕೋಣೆ ಮಾಡಿದರು. ಜಿನಮತಿ, ಮೇಘಾ, ಎರಡು ಗೊಂಬೆ ಒಳಗೆ, ಉಳಿದ ಹೆಂಗಸರು ಹೊರಗೆ. ಒಳಗಿನಿಂದ ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮೊದಲ ದಿನ ಗೊಂಬೆ ಬೆಲ್ಲದ ತುಂಡನ್ನು ಹಿಟ್ಟು ಮಾಡಿಬಿಟ್ಟಿತು. ಆಮೇಲೆ ಹಿಡಿಯಲು ಹೋಗಿ ಬೀಳಿಸುತ್ತಿತ್ತು. ದೀಪಾವಳಿ ಹತ್ತಿರ ಬರುವ ಹೊತ್ತಿಗೆ ಎರಡು ಬೆರಳಲ್ಲಿ ಹಿಡಿದು ಡಬ್ಬಿಯಲ್ಲಿ ಇಡುವಷ್ಟು ಪಳಗಿತು. ಜಿನಮತಿಗೆ ಒಂದು ಅಭ್ಯಾಸವಿತ್ತು. ಡಬ್ಬಿ ತುಂಬಿದ ಮೇಲೆ ಅಂಗೈಯಿಂದ ಒಮ್ಮೆ ಸವರಿ ಮುಚ್ಚಳ ಹಾಕುತ್ತಿದ್ದಳು. ಗೊಂಬೆಯೂ ಸವರಿತು. ಅದನ್ನು ಕಂಡು ಮೇಘಾ ನಕ್ಕಳು, ಜಿನಮತಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಸುದ್ದಿ ಸುತ್ತಲಿನ ಊರುಗಳಿಗೆ ಹರಡಿತ್ತು. ಯಾರೋ ತೆಗೆದ ವಿಡಿಯೋ ಅಥಣಿ, ರಾಯಬಾಗ, ನಿಪ್ಪಾಣಿಯ ಫೋನುಗಳಲ್ಲೆಲ್ಲ ತಿರುಗಿತು. ಗೇಟಿನ ಹತ್ತಿರ ಜನ ಬಂದು ನಿಲ್ಲತೊಡಗಿದರು. ಶಾಲೆಯ ಮಾಸ್ತರರು ಮಕ್ಕಳನ್ನು ಸಾಲು ಮಾಡಿ ಕರೆತಂದರು. ಕಬ್ಬು ಬೆಳೆಯುವ ಒಬ್ಬ ರೈತ ಮೋಟರ್ ಸೈಕಲ್ ಮೇಲೆ ಕೂತೇ ಕೇಳಿದ: "ಕಬ್ಬ ಕಡೀತಾವೇನ್ರಿ ಇವು? ಕಡದ್ರ ನಾಳೀನ ಎರಡ ನಮ್ಮ ಹೊಲಕ್ಕ ಕಳಸ್ರಿ. ಗ್ಯಾಂಗಿನವರ ಕಾಲ ಹಿಡದು ಸಾಕಾಗೇತಿ." ಅದೇ ರಸ್ತೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಟ್ರ್ಯಾಕ್ಟರ್ ನಿಂತಿತ್ತು. ಮೇಲೆ ಕೂತಿದ್ದ ಗಂಡಹೆಂಡಿರು ಈ ಮಾತು ಕೇಳಿಸಿಕೊಂಡು ಗೇಟಿನ ಕಡೆ ನೋಡುತ್ತಿದ್ದರು.

ಕಾಗವಾಡದ ಸಂಗ್ರಾಮ ಎನ್ನುವ ಮುಂದಾಳು ತನ್ನ ಸಂಘಟನೆಯ ಹುಡುಗರನ್ನು ಕಟ್ಟಿಕೊಂಡು ಬಂದು ಧರಣಿ ಕೂತ. "ಮನುಷ್ಯಾರಿಗಿ ಕೆಲಸ ಕೊಡ್ರಿ, ಗೊಂಬಿಗಿ ಬ್ಯಾಡ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಕೂಗಿದರು. ಒಳಗಿದ್ದ ಹೆಂಗಸರು ತಮ್ಮ ಸಲುವಾಗಿ ಯಾರೋ ಕೂಗುತ್ತಿದ್ದಾರಲ್ಲ ಎಂದು ಕಿಟಕಿಗೆ ಬಂದು ನಿಂತರು. ವಿಕ್ರಾಂತ ಸಂಗ್ರಾಮನನ್ನು ಒಳಗೆ ಕರೆದು ಚಹಾ ಕೊಟ್ಟ, ಗೊಂಬೆಯ ಕೈ ಕುಲುಕಿಸಿದ. ಸಂಗ್ರಾಮ ಅದರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡ. ಸಂಜೆ ಎಲ್ಲರ ಫೋನಿನಲ್ಲೂ ಆ ಫೋಟೊ ಇತ್ತು. ಮರುದಿನ ಧರಣಿ ಇರಲಿಲ್ಲ.

ದೀಪಾವಳಿಗೂ ಮುಂಚೆ, ಖಂಡೇನವಮಿಯ ದಿನ ನಗೆಯೂ ಆಗಿತ್ತು, ಚುಚ್ಚುಮಾತೂ ಆಗಿತ್ತು. ಆ ದಿನ ಕಾರಖಾನೆಯ ಯಂತ್ರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕುವುದು ರೂಢಿ. ಮಾಳೇಶ ಕುಂಕುಮದ ಬಟ್ಟಲು ಹಿಡಿದು ಗೊಂಬೆಯ ಹಣೆಗೆ ಕೈ ಎತ್ತಿದ. ಅದೇ ಗೊಂಬೆಯ ಕಣ್ಣಿರುವ ಜಾಗ. ಮೇಘಾ ಓಡಿ ಬಂದಳು.

"ಬ್ಯಾಡ್ರಿ ಕಾಕಾ, ಬ್ಯಾಡ್ರಿ! ಕಣ್ಣ ಹೋಗ್ತಾವ ಅದರದು!"

"ಮತ್ತೆಲ್ಲಿ ಹಚ್ಚಲಿ? ಕಾಲಿಗಿ ಹಚ್ಚಲೇನ?"

ಎಲ್ಲರೂ ನಕ್ಕರು. ಆಗ ವಾಜಿದಾ ಹಿಂದಿನಿಂದ ಹೇಳಿದಳು: "ಮಶೀನಿಗಿ ಕುಂಕುಮ ಹಚ್ಚತೀರಿ, ಕೆಲಸದವರಿಗಿ ಪೇಢೆ ಕೊಡ್ತೀರಿ. ಇದಕ್ಕ ಯಾವದು ಕೊಡವ್ರು? ಮೊದಲ ಅದನ್ನ ಹೇಳ್ರಿ ಮಾಲಕ್ರ."

ವಿಕ್ರಾಂತ ನಕ್ಕು ಪೇಢೆಯ ಡಬ್ಬಿ ಮುಂದೆ ಸರಿಸಿದ. ವಾಜಿದಾ ನಗಲಿಲ್ಲ. ಆ ದಿನ ಮನೆಗೆ ಹೋಗುವ ಟಮಟಮ್ ರಿಕ್ಷಾದಲ್ಲಿ ಅವಳು ಜಿನಮತಿಯ ಪಕ್ಕದಲ್ಲೇ ಕೂತಳು. ತುಸು ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಜಿನಮತಕ್ಕಾ, ಅವು ಪೂರಾ ಕಲತ ಮ್ಯಾಲ ನಮ್ಮನ್ನ ಏನ ಮಾಡ್ತಾರ ಅಂತ ಕೇಳೀಯೇನ?"

"ಮಾಲಕ್ರು ಯಾರನ್ನೂ ತಗ್ಯಾಂಗಿಲ್ಲ ಅಂದಾರ."

"ನೀ ಕೇಳಿದ್ಯೋ, ಅವರಾಗೇ ಅಂದ್ರೋ?"

ಜಿನಮತಿ ಕೇಳಿರಲಿಲ್ಲ. ಮಾಲಕ ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದಳು. ಹಾಗೆಂದು ಹೇಳಿದಳು.

"ಕೇಳ ನೀ. ನಿನ್ನ ಮಾತ ಈಗ ಅವರು ಕೇಳ್ತಾರ. ನಮ್ಮದ ಯಾರೂ ಕೇಳೂದಿಲ್ಲ" ಎಂದಳು ವಾಜಿದಾ.

ಮರುದಿನ ಜಿನಮತಿ ಕೇಳಲೆಂದೇ ಆಫೀಸಿನ ಬಾಗಿಲವರೆಗೆ ಹೋದಳು. ಒಳಗೆ ಯಾರೋ ಹೊರಗಿನವರು ಕೂತಿದ್ದರು. ವಿಕ್ರಾಂತ ಅವಳನ್ನು ಕರೆದು ಅವರಿಗೆ ಪರಿಚಯ ಮಾಡಿಸಿದ: "ಇವರ ನೋಡ್ರಿ, ನಮ್ಮ ರೋಬೋಟಿನ ಗುರುಗಳು." ಅವರೆಲ್ಲ ನಮಸ್ಕಾರ ಮಾಡಿದರು. ಅವಳೂ ಕೈಮುಗಿದು, ಕೇಳಬೇಕಾದ್ದನ್ನು ಕೇಳದೆ ಹೊರಗೆ ಬಂದಳು. ಆ ದಿನ ಊಟದ ಹೊತ್ತಿಗೆ ಬೇವಿನ ಗಿಡದ ಕೆಳಗೆ ವಾಜಿದಾ ಮುಖ ಎತ್ತಿ ನೋಡಿದಳು. ಜಿನಮತಿ, ಇನ್ನೂ ಕೇಳಿಲ್ಲ ಎಂಬಂತೆ ತಲೆಯಾಡಿಸಿದಳು. ಮುಂದಿನ ದಿನ ವಾಜಿದಾ ಬೇರೆ ಹೆಂಗಸರ ಜೊತೆ ಗೋದಾಮಿನ ನೆರಳಲ್ಲಿ ಕೂತಿದ್ದಳು. ಕರೆದಿದ್ದರೆ ಜಿನಮತಿ ಹೋಗುತ್ತಿದ್ದಳು. ಕರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸದಿಂದ ತೆಗೆದರು. ಎಲ್ಲರನ್ನೂ ಅಲ್ಲ. ಕುಡಚಿ ಕಡೆಯಿಂದ ಬರುವವರನ್ನು, ವಯಸ್ಸಾದವರನ್ನು, ಹೊಸಬರನ್ನು. ಸದ್ಯಕ್ಕೆ ಮನೆಯಲ್ಲಿರಿ, ಬೇಕಾದಾಗ ಕರೆಯುತ್ತೇವೆ ಎಂದು ಮ್ಯಾನೇಜರ್ ಈಶ್ವರ ಮೆತ್ತಗೆ ಹೇಳಿದ. ಆ ಹೊತ್ತಿಗೆ ಜಿನಮತಿ ಗಾಜಿನ ಕೋಣೆಯಲ್ಲಿ ಕೈಗವಸು ತೊಟ್ಟು ಮುಚ್ಚಳ ಒತ್ತುವುದನ್ನು ಕಲಿಸುತ್ತಿದ್ದಳು. ಹೊರಗೆ ಹೆಂಗಸರು ಗುಂಪುಗೂಡಿದ್ದು ಕಂಡಿತು. ಒಬ್ಬೊಬ್ಬರೇ ಏಪ್ರನ್ ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು. ವಾಜಿದಾ ಚೀಲ ಹೆಗಲಿಗೇರಿಸಿ ಗಾಜಿನ ಮುಂದಿನಿಂದ ಹೊರಟಳು.

ಜಿನಮತಿ ನಿಲ್ಲು ಎನ್ನುವಂತೆ ಕೈ ಎತ್ತಿದಳು. ಪಕ್ಕದಲ್ಲಿದ್ದ ಗೊಂಬೆಯೂ ಕೈ ಎತ್ತಿತು.

ವಾಜಿದಾ ನಿಂತಳು. ಇಬ್ಬರನ್ನೂ ನೋಡಿದಳು. ಆಮೇಲೆ ಬಾಗಿಲ ಕಡೆ ನಡೆದುಹೋದಳು. ಜಿನಮತಿ ಗಡಿಬಿಡಿಯಲ್ಲಿ ಕೈಗವಸು ಬಿಚ್ಚಲು ಹೋದಳು. ತಂತಿ ಸಿಕ್ಕಿಕೊಂಡಿತು. ಮೇಘಾ ಬಂದು ಬಿಡಿಸುವಷ್ಟರಲ್ಲಿ ಟಮಟಮ್ ಹೊರಟುಹೋಗಿತ್ತು.

ಆ ಸಂಜೆ ಫೋನ್ ಮಾಡಿದಳು. ವಾಜಿದಾ ಎತ್ತಿಕೊಂಡು, "ಇರಲಿ ಬಿಡು, ನಿಂದೇನ ತಪ್ಪ ಐತಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಜಿನಮತಿಗೆ ಹೆಚ್ಚು ನೋವಾಯಿತು. ಆಮೇಲೆ ಫೋನುಗಳು ಕಡಿಮೆಯಾದವು, ನಿಂತೂ ಹೋದವು.

ಬೇಸಿಗೆಯೆಲ್ಲ ಜಿನಮತಿ ಗೊಂಬೆಗಳ ಜೊತೆ ಕಳೆದಳು. ಉಳಿದ ಕೆಲವು ಹೆಂಗಸರನ್ನು ಬಾಯ್ಲರ್ ಕಡೆಗೆ ಹಾಕಿದ್ದರು. ಮೇಘಾ ಪುಣೆಗೆ ಹೋಗಿ ಅಲ್ಲಿಂದಲೇ ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತಿದ್ದಳು. ಜಿನಮತಿಯ ಕೆಲಸವೆಂದರೆ ಗೊಂಬೆ ತಪ್ಪಿದರೆ ಗುಂಡಿ ಒತ್ತಿ ನಿಲ್ಲಿಸುವುದು, ಬಿದ್ದದ್ದನ್ನು ಎತ್ತುವುದು, ಅವುಗಳ ಬೆರಳು ಒರೆಸುವುದು. ಬೆಲ್ಟಿನ ಸದ್ದು, ಗೊಂಬೆಗಳ ಕೀಲುಗಳ ಸಣ್ಣ ಸದ್ದು, ಇಷ್ಟೇ. ಮೊದಮೊದಲು ಅವಳು ತನ್ನಷ್ಟಕ್ಕೆ ಗುನುಗುತ್ತಿದ್ದಳು. ಬರಬರುತ್ತಾ ಅವುಗಳ ಜೊತೆ ಮಾತಾಡತೊಡಗಿದಳು. "ಇವತ್ತ ಭಾಳ ಧಗಿ ಐತಿ", "ಸವಕಾಶ ಹಿಡಿ, ಒಡೀತೈತಿ", ಸಂಜೆ ಹೊರಡುವಾಗ "ಬರ್ತೀನಿ." ಗೊಂಬೆ ಮುಖ ತಿರುಗಿಸುತ್ತಿತ್ತು. ಮನುಷ್ಯರು ಹತ್ತಿರ ಬಂದರೆ ಹಾಗೆ ತಿರುಗುವಂತೆ ಮಾಡಿದ್ದಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದಳು.

ಒಮ್ಮೆ ಒಂದು ಗೊಂಬೆಯ ಬೆರಳು ಬೆಲ್ಟಿನ ಸಂದಿಗೆ ಸಿಕ್ಕಿ ಮುರಿಯಿತು. ಮುರಿದ ಬೆರಳು ತೂಗಾಡುತ್ತಿದ್ದರೂ ಅದು ಕೆಲಸ ಬಿಡಲಿಲ್ಲ. ಉಳಿದ ಬೆರಳುಗಳಲ್ಲಿ ಬೆಲ್ಲ ಹಿಡಿದು ಡಬ್ಬಿಗೆ ಇಡುತ್ತಲೇ ಇತ್ತು, ತುಂಬಿದ ಮೇಲೆ ಅಂಗೈಯಿಂದ ಸವರುತ್ತಲೇ ಇತ್ತು. ಜಿನಮತಿ ಗುಂಡಿ ಒತ್ತಲು ಮರೆತು ನೋಡುತ್ತಾ ನಿಂತುಬಿಟ್ಟಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಗುಂಡಿ ಒತ್ತಿದಳು.

ಅವಳ ಹೆಸರು ಈಗ ಎಲ್ಲರಿಗೂ ಗೊತ್ತಾಗಿತ್ತು. ಮೈದುನ ನೇಮಿನಾಥನೇ ಗೋಡೆ ದಾಟಿ ಬಂದು ಕೂತು, "ವೈನಿ, ಅವಕ್ಕ ಕರೆಂಟ ಎಷ್ಟ ಬೇಕು?" ಎಂದು ವಿಚಾರಿಸುತ್ತಿದ್ದ. ಐಗಳಿಗೆ ಮದುವೆಗೆ ಹೋದಾಗ ಅಣ್ಣ ನಿತಿನ ಬೀಗರಿಗೆಲ್ಲ ಫೋನಿನಲ್ಲಿ ವಿಡಿಯೋ ತೋರಿಸಿ, "ಇಕಿ ನಮ್ಮ ತಂಗಿ, ಇದನ್ನ ತಯಾರ ಮಾಡಿದಾಕಿ" ಎಂದು ಹೇಳಿದ. ಹೆಂಗಸರು ಸುತ್ತಲೂ ಕೂತು ಕೇಳಿದರು. ಅದು ನಿದ್ದೆ ಮಾಡುತ್ತದೆಯೇ, ಅಂಜಿಕೆ ಬರುವುದಿಲ್ಲವೇ, ನಿಮ್ಮ ಮಾತು ಅದಕ್ಕೆ ತಿಳಿಯುತ್ತದೆಯೇ, ರೊಟ್ಟಿ ಬಡಿಯಲು ಕಲಿಸಬಹುದೇ. ಅವಳು ಎಲ್ಲಕ್ಕೂ ಉತ್ತರ ಹೇಳಿದಳು. ನೀನು ಹೇಗಿದ್ದೀಯ ಎಂದು ಮಾತ್ರ ಯಾರೂ ಕೇಳಲಿಲ್ಲ.

ಉಗಾರದ ಬಸದಿಯಲ್ಲಿ ಒಂದು ದಿನ ಮುದುಕಿಯರು ಪಂಡಿತ ಸಮ್ಮೇದರನ್ನು ತಡೆದು ನಿಲ್ಲಿಸಿದರು. "ಪಂಡಿತರ, ಅದು ಜೀವೋ, ಅಜೀವೋ? ಹೇಳ್ರಿ. ನಡೀತೈತಿ, ನೋಡ್ತೈತಿ ಅಂತಾರ."

ಪಂಡಿತರು ಹೇಳಿದರು: "ನಡದ್ರ, ನೋಡಿದ್ರ ಜೀವ ಆಗೂದಿಲ್ರಿ ತಾಯಿ. ಸುಖ ದುಃಖದ ಅರಿವು ಎಲ್ಲಿ ಐತಿ, ಅಲ್ಲಿ ಜೀವ ಐತಿ. ಅದಕ್ಕ ಆ ಅರಿವಿಲ್ಲ. ಅಜೀವ." ಆಮೇಲೆ ಜಿನಮತಿಯ ಕಡೆ ತಿರುಗಿ, "ನೀವು ದಿನಾ ನೋಡಾವ್ರು. ನಿಮಗೇನ ಅನಸ್ತೈತಿ?" ಎಂದು ಕೇಳಿದರು.

"ನೀವು ಹೇಳಿದ್ದ ಖರೇ ಐತ್ರಿ" ಎಂದಳು ಜಿನಮತಿ. ಮುರಿದ ಬೆರಳಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಮನೆಗೆ ನಡೆಯುತ್ತಾ, ಅರಿವಿಲ್ಲದ್ದರ ಜೊತೆ ದಿನವಿಡೀ ಇರುವವರಿಗೆ ಏನೆನ್ನುತ್ತಾರೆ ಎಂದು ಪಂಡಿತರನ್ನು ಕೇಳಬೇಕಿತ್ತು ಎನಿಸಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಹಸಿ ಗಾಳಿಗೆ ಬೆಲ್ಲ ಬೆವರುತ್ತದೆ. ಮೈಯೆಲ್ಲ ನೀರಾಡಿ ಮೆತ್ತಗಾಗುತ್ತದೆ. ಗೊಂಬೆಗಳ ರಬ್ಬರಿನ ಬೆರಳಿಗೆ ಬೆಲ್ಲ ಅಂಟಿಕೊಳ್ಳತೊಡಗಿತು. ಒಂದು ತುಂಡು ಇಡಲು ಹೋದರೆ ಮೂರು ತುಂಡು ಎದ್ದು ಬರುತ್ತಿದ್ದವು. ಒರೆಸಿದಷ್ಟೂ ಅಂಟು. ಕೀಲಿನ ಸಂದಿಗಳಲ್ಲಿ ಇರುವೆ ಹೊಕ್ಕವು. ಮೇಘಾ ಪುಣೆಯಿಂದ ಓಡಿ ಬಂದು ಬೇರೆ ಬೇರೆ ಬೆರಳು ಹಾಕಿ ನೋಡಿದಳು, ಕೋಣೆಗೆ ಹೊಸ ಎ.ಸಿ. ಹಾಕಿಸಿದಳು, ದಿನವಿಡೀ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚಿದಳು. ಕೊನೆಗೆ, "ಈ ಮಾದರಿ ಇಲ್ಲಿಗಿ ಆಗಂಗಿಲ್ರಿ. ಒಯ್ದು ಸುಧಾರಣಾ ಮಾಡ್ತೀವಿ" ಎಂದು ವಿಕ್ರಾಂತನಿಗೆ ಹೇಳಿದಳು. ಗೊಂಬೆಗಳನ್ನು ಬಂದ ಪೆಟ್ಟಿಗೆಯಲ್ಲೇ ಮಲಗಿಸಿ ಟೆಂಪೋಗೆ ಏರಿಸಿದರು. ಮಾಳೇಶ ಮಳೆಯಲ್ಲಿ ಕೊಡೆ ಹಿಡಿದು ನಿಂತು, "ಹೋಗಿ ಬರ್ರೆಪಾ" ಎಂದ. ಜಿನಮತಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಸಂತೋಷವಾಗಬೇಕಿತ್ತು. ಖಾಲಿ ಕೋಣೆಗೆ ಹೋಗಿ ನೆಲ ಒರೆಸಿದಳು.

ಹಳೆಯ ಹೆಂಗಸರನ್ನು ಕರೆಯಲು ಮ್ಯಾನೇಜರ್ ಫೋನ್ ಮಾಡಿದ. ಕೆಲವರು ಬಂದರು. ಕೆಲವರು ದ್ರಾಕ್ಷಿ ತೋಟಕ್ಕೆ, ಕೆಲವರು ಇಚಲಕರಂಜಿಯ ಮಗ್ಗಗಳಿಗೆ ಹೋಗಿದ್ದರು. ವಾಜಿದಾ ಬರಲಿಲ್ಲ. "ನಾ ಹೋಗಿ ಕರಕೊಂಡ ಬರ್ತೀನ್ರಿ" ಎಂದಳು ಜಿನಮತಿ.

ಹೊಳೆ ಆಗಲೇ ಕೆಂಪಾಗಿ ಏರುತ್ತಿತ್ತು, ಸೇತುವೆ ಇನ್ನೂ ಮುಳುಗಿರಲಿಲ್ಲ. ಭಾನುವಾರ ಮಧ್ಯಾಹ್ನ ಕುಡಚಿಗೆ ಹೋದಳು. ಇಷ್ಟು ವರ್ಷದ ಗೆಳೆತನದಲ್ಲಿ ಅವಳು ವಾಜಿದಾಳ ಮನೆ ನೋಡಿದ್ದೇ ಇಲ್ಲ. ಕೇಳಿಕೊಂಡು ಹೋದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೂತು ಖಡಕ್ ರೊಟ್ಟಿ ಬಡಿಯುತ್ತಿದ್ದರು. ಒಲೆಗಳ ಹೊಗೆ, ಹಿಟ್ಟಿನ ಧೂಳು. ಹೊರಗಿನಿಂದಲೇ ವಾಜಿದಾಳ ನಗು ಕೇಳಿತು. ಬಾಗಿಲಿಗೆ ಬಂದು ನೋಡಿದರೆ ವಾಜಿದಾ ಎದ್ದು ನಿಂತು, ರೊಟ್ಟಿ ಕೊಳ್ಳಲು ಬರುವ ಯಾವನೋ ವ್ಯಾಪಾರಿ ತಕ್ಕಡಿ ಹಿಡಿಯುವುದನ್ನು ಮಾಡಿ ತೋರಿಸುತ್ತಿದ್ದಳು. ಎದುರಿಗೆ ಕೂತ ಹೆಂಗಸೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಅಯ್ಯ, ಜಿನಮತಕ್ಕ! ಬಾ, ಬಾ. ಮಮತಾಜ, ಇಕಿ ನಮ್ಮ ಬೆಲ್ಲದ ಕಾರಖಾನಿ ಅಕ್ಕ." ನಗುತ್ತಿದ್ದ ಹೆಂಗಸು ಸರಿದು ಜಾಗ ಕೊಟ್ಟಳು. ವಾಜಿದಾ ಹೊರಗೆ ಹೊತ್ತು ನೋಡಿ, "ಇನ್ನಾ ಹೊತ್ತ ಮುಳಗಿಲ್ಲ, ಚಾ ಕುಡೀತೀ" ಎಂದು ತಾನೇ ಹೇಳಿ ಚಹಾಕ್ಕಿಟ್ಟಳು.

ಜಿನಮತಿ ಚಹಾ ಕುಡಿದಳು. ಗೊಂಬೆಗಳು ಹೋದದ್ದನ್ನು ಹೇಳಿದಳು. ಇರುವೆ ಹೊಕ್ಕಿದ್ದನ್ನು ಕೇಳಿ ಎಲ್ಲರೂ ನಕ್ಕರು. ನಗು ನಿಂತ ಮೇಲೆ, "ನೀ ಬರಾಕ ಬೇಕು. ಕರ್ಯಾಕ ಬಂದೀನಿ" ಎಂದಳು.

ವಾಜಿದಾ ಕೈಯ ಹಿಟ್ಟು ತಿಕ್ಕಿ ಉದುರಿಸಿದಳು. "ಇಲ್ಲವ್ವಾ. ಇಲ್ಲೇ ಆರಾಮ ಐತಿ. ಹೊಳಿ ಬಂದ್ರ ಚಿಂತಿಲ್ಲ, ಟಮಟಮ್ ತಪ್ಪಿದ್ರ ಚಿಂತಿಲ್ಲ."

"ನನ್ನ ಮ್ಯಾಲ ಸಿಟ್ಟ ಐತೇನ?"

"ಇತ್ತು. ಸುಳ್ಳ ಯಾಕ ಹೇಳಲಿ? ಒಂದೆರಡ ತಿಂಗಳ ಭಾಳ ಇತ್ತು. ಈಗಿಲ್ಲ." ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು, "ನಿನ್ನ ರೂಢಿ ತಪ್ಪೇತಿ ನೋಡ ಅಕ್ಕಾ. ಅಷ್ಟ."

ಜಿನಮತಿಗೆ ಸಿಟ್ಟಾದರೂ ಉಳಿದಿದ್ದರೆ ಚೆನ್ನಾಗಿತ್ತು ಎನಿಸಿತು. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು, ಅಳಬಹುದಿತ್ತು. ಇದಕ್ಕೆ ಏನು ಮಾಡುವುದೆಂದು ತಿಳಿಯಲಿಲ್ಲ. ವಾಜಿದಾ ಅವಳನ್ನು ಕಳಿಸಲು ಸೇತುವೆಯ ತನಕ ಬಂದು, ರೊಟ್ಟಿಯ ಕಟ್ಟೊಂದನ್ನು ಕೈಗಿತ್ತಳು. "ಆಗಾಗ ಬರ್ತಾ ಇರು" ಎಂದಳು. ಮರುದಿನ ಸೇತುವೆ ಮುಳುಗಿತು.

ಈಗ ಕಾರಖಾನೆಯಲ್ಲಿ ಶಿರಗುಪ್ಪಿ ಕಡೆಯ ಹೊಸ ಹುಡುಗಿಯರಿದ್ದಾರೆ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೆಲಸ ಮಾಡುತ್ತಾರೆ. ಜಿನಮತಿಯನ್ನು ರೋಬೋಟ್ ಆಂಟಿ ಎಂದು ಕರೆಯುತ್ತಾರೆ. ಕುಚೋದ್ಯಕ್ಕಲ್ಲ, ಅವರಿಗೆ ಅವಳ ಹೆಸರು ಗೊತ್ತಿಲ್ಲ. ಅವಳೂ ಓಗೊಡುತ್ತಾಳೆ.

ದೀಪಾವಳಿಗೆ ಮುಂಚೆ ವಿಕ್ರಾಂತ ಅವಳನ್ನು ಕರೆಸಿ, ಕಂಪನಿಯವರು ಅಂಟದ ಬೆರಳು ಮಾಡಿದ್ದಾರೆ, ಮತ್ತೆ ತರುತ್ತಾರೆ, ನೀವೇ ಕಲಿಸಬೇಕು ಎಂದ.

"ನಾ ಒಲ್ಲೆರಿ ಮಾಲಕ್ರ."

"ಯಾಕ್ರಿ? ಹೋದ ಸಲ ಚಲೋ ಕಲಸಿದ್ರೆಲ್ಲ."

ಅವಳು ಗಾಜಿನ ಕೋಣೆಯ ಕಡೆ ತಿರುಗಿ ನೋಡಿದಳು. "ಒಳಗ ಒಬ್ಬಾಕೇ ಆಕ್ಕೀನ್ರಿ" ಎಂದಳು. ವಿಕ್ರಾಂತನಿಗೆ ಅರ್ಥವಾಯಿತೋ ಇಲ್ಲವೋ, ಒತ್ತಾಯ ಮಾಡಲಿಲ್ಲ. ಬ್ರಾಹ್ಮಿ ಎನ್ನುವ ಹೊಸ ಹುಡುಗಿಯನ್ನು ಕೇಳಿದ. ಅವಳು ಕುಣಿದಾಡಿ ಒಪ್ಪಿದಳು. ಗಾಜಿನ ಕೋಣೆಯನ್ನು ಮತ್ತೆ ತೊಳೆಸಿದ್ದಾರೆ. ಜಿನಮತಿ ಬೆಲ್ಟಿನ ಮುಂದೆ ತನ್ನ ಹಳೆಯ ಜಾಗದಲ್ಲಿ ನಿಲ್ಲುತ್ತಾಳೆ.

ತಿಂಗಳಿಗೊಮ್ಮೆ, ಹೊಳೆ ಇಳಿದಿದ್ದರೆ, ಭಾನುವಾರ ಕುಡಚಿಗೆ ಹೋಗುತ್ತಾಳೆ. ಕೆಲವು ಸಲ ವಾಜಿದಾ ಸಿಗುತ್ತಾಳೆ, ಶೆಡ್ಡಿನಲ್ಲಿ ಕೂರಿಸಿಕೊಂಡು ಊರ ಸುದ್ದಿ ಹೇಳುತ್ತಾಳೆ. ಕೆಲವು ಸಲ ರೊಟ್ಟಿ ಹೊತ್ತುಕೊಂಡು ಮೀರಜದ ಸಂತೆಗೆ ಹೋಗಿರುತ್ತಾಳೆ. ಸಿಗದ ದಿನ ಜಿನಮತಿ ಕೂಡಲೇ ತಿರುಗುವುದಿಲ್ಲ. ಕುಡಚಿಯ ರೈಲು ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತು, ಮೀರಜ ಕಡೆಯ ಗಾಡಿ ಬಂದು ಜನ ಇಳಿದು ತಂತಮ್ಮವರ ಜೊತೆ ಮಾತಾಡುತ್ತಾ ಹೊರಗೆ ಹೋಗುವುದನ್ನು ನೋಡುತ್ತಾಳೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾದವಳು. ಬಿಸಿಲು ಹಳದಿಯಾಗುತ್ತಿದ್ದಂತೆ ಎದ್ದು ಊರ ಕಡೆ ಹೊರಡುತ್ತಾಳೆ.